ಕಾರ್ಡಿನಲ್ಲಿಲ್ಲದ ಊರು

ತ್ಸುಕುಬಾ
6 ಅಕ್ಟೋಬರ್ 2024

ಇಂದಿರಾ ಮೇಡಂ ಅವರಿಗೆ ಯಾಮಿನಿಯ ನಮಸ್ಕಾರ.

ನಾನು ನೆನಪಿದ್ದೇನೆಯೇ? ಮೈಸೂರಿನಲ್ಲಿ ಎಂ.ಎ. ಎರಡನೇ ವರ್ಷ, ಕಿಟಕಿ ಪಕ್ಕದ ಬೆಂಚು. ಒಂದೇ ಇಂಗ್ಲಿಷ್ ಸ್ವರವನ್ನು ನನ್ನಿಂದ ನಲವತ್ತು ಸಲ ಹೇಳಿಸಿ, ನಲವತ್ತೊಂದನೆಯ ಸಲಕ್ಕೆ ಕೂತುಕೋ ಅಂದಿರಲ್ಲ, ಆ ಹುಡುಗಿ. ಹೋದ ವಾರ ನಮ್ಮ ಕ್ಲಾಸಿನ ಶ್ರೀನಾಥ ಫೋನು ಮಾಡಿದಾಗ, ನೀವು ಒಂದೂವರೆ ವರ್ಷದಿಂದ ಹಿರೋಷಿಮಾದಲ್ಲಿ ಮಗಳ ಮನೆಯಲ್ಲಿದ್ದೀರಿ ಎಂದ. ನಾನು ಇದೇ ದೇಶದಲ್ಲಿ ಐದು ವರ್ಷದಿಂದ ಸೈಕಲ್ಲು ತುಳಿಯುತ್ತಿದ್ದೇನೆ. ಗೊತ್ತಿದ್ದರೆ ಎಂದೋ ಬರುತ್ತಿದ್ದೆ.

ಪತ್ರಕ್ಕೆ ಕಾರಣವಿದೆ, ಮುಚ್ಚಿಡುವುದಿಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದು ಕೋಣೆ ತುಂಬ ಹಳೆಯ ಟೇಪ್ ಸುರುಳಿಗಳಿವೆ. ಅರವತ್ತರ ದಶಕದಲ್ಲಿ ಜಪಾನಿನ ಪ್ರೊಫೆಸರರೊಬ್ಬರು ಇಂಗ್ಲೆಂಡಿನ ಹಳ್ಳಿ ಹಳ್ಳಿ ಸುತ್ತಿ, ರೈತರ ಮಾತನ್ನು ತುಂಬಿಕೊಂಡು ಬಂದಿದ್ದಾರೆ. ಒಟ್ಟು ಇನ್ನೂರ ಹನ್ನೆರಡು. ಪ್ರತಿ ಸುರುಳಿಯ ಜೊತೆ ಒಂದು ಕಾರ್ಡು: ಹೆಸರು, ವಯಸ್ಸು, ಕಸುಬು, ಹುಟ್ಟಿದ ಊರು. ಆ ಪ್ರೊಫೆಸರರು ತೀರಿಕೊಂಡಿದ್ದಾರೆ. ಅವರ ಶಿಷ್ಯ ಕುರೋದಾ-ಸಾನ್ ಈಗ ನಮ್ಮ ವಿಭಾಗದ ಮುಖ್ಯಸ್ಥರು. ಸುರುಳಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಂದೊಂದಕ್ಕೂ ಒಂದು ಪುಟ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಈ ಉಚ್ಚಾರಣೆ ಎಂಥದು, ಆ ಹಳ್ಳಿಗೆ ಅದು ಎಲ್ಲಿಂದ ಬಂತು ಎಂದು. ಮಾರ್ಚ್ ಕೊನೆಗೆ ನನ್ನ ಒಪ್ಪಂದ ಮುಗಿಯುತ್ತದೆ. ಟಿಪ್ಪಣಿ ಚೆನ್ನಾಗಿದ್ದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಬೇಕು.

ಇಳಿಸುವುದು ಮೆಷಿನ್ನಿನ ಕೆಲಸ, ಮಾಡಿಬಿಟ್ಟೆ. ಗ್ರಾಫನ್ನೂ ಅದೇ ಬರೆದು ಕೊಡುತ್ತದೆ. ಆದರೆ ಕೇಳಿ ಹೇಳಲು ಕಿವಿ ಬೇಕು. ನನಗೆ ಗೊತ್ತಿರುವ ಅಂಥ ಕಿವಿ ಒಂದೇ. ನಿಮಗೆ ಯಾವಾಗ ವಿಡಿಯೋ ಕಾಲ್ ಮಾಡಲಿ?

ನಿಮ್ಮ ಯಾಮಿನಿ

*

ಹಿರೋಷಿಮಾ
19 ಅಕ್ಟೋಬರ್ 2024

ಯಾಮಿನಿ,

ನೆನಪಿದ್ದೀಯ. ನಲವತ್ತು ಸಲ ಹೇಳಿಸಿದ್ದು ಸುಳ್ಳು, ಹದಿನೈದಿರಬಹುದು. ಕೂತುಕೋ ಎಂದದ್ದು ಸ್ವರ ಸರಿಯಾಯಿತೆಂದಲ್ಲ, ಗಂಟೆ ಹೊಡೆಯಿತೆಂದು.

ನಿನ್ನ ಪತ್ರ ಬಂದ ದಿನ ಎರಡು ಸಲ ಓದಿ, ಸಂಜೆ ಮಗಳು ಅಪೂರ್ವ ಬಂದ ಮೇಲೆ ಅವಳಿಗೂ ಓದಿಸಿದೆ. ಅವಳು ಇಲ್ಲಿನ ಕಾರು ಕಂಪನಿಯಲ್ಲಿ ಇಂಜಿನಿಯರು. ನಾಲ್ಕು ವರ್ಷದ ಮಗಳಿದ್ದಾಳೆ, ಶರ್ವಾಣಿ. ಆ ಮಗುವನ್ನು ನೋಡಿಕೊಳ್ಳಲು ನನಗೆ ಇಲ್ಲಿ ಇರಲು ಅನುಮತಿ ಸಿಕ್ಕಿದೆ. ಎಪ್ಪತ್ತಕ್ಕೆ ಹತ್ತಿರವಾದವಳಿಗೆ ಹೊಸ ಉದ್ಯೋಗ.

ಕೆಲಸ ಒಪ್ಪಿದ್ದೇನೆ. ಆದರೆ ವಿಡಿಯೋ ಕಾಲ್ ಬೇಡ, ಫೋನೂ ಬೇಡ. ಫೋನಿನಲ್ಲಿ ದನಿಯ ಬಾಲ ಕತ್ತರಿಸಿ ಹೋಗುತ್ತದೆ, ಅದನ್ನು ಕೇಳಿ ಅಭಿಪ್ರಾಯ ಹೇಳುವವಳು ನಾನಲ್ಲ. ಮಾತೆಲ್ಲ ಪತ್ರದಲ್ಲಿರಲಿ. ಕಾರ್ಡುಗಳ ಪ್ರತಿಯನ್ನು ತಪ್ಪದೆ ಕಳಿಸು.

ನಮ್ಮ ಲ್ಯಾಂಗ್ವೇಜ್ ಲ್ಯಾಬ್ ನೆನಪಿದೆಯಾ? ಹೆಡ್‌ಫೋನಿನ ಸ್ಪಂಜು ಉದುರಿ ಎಲ್ಲರ ಕಿವಿಯಲ್ಲೂ ಕಪ್ಪು ಪುಡಿ. ನೀವೆಲ್ಲ ಆ ಲಂಡನ್ನಿನ ಗಂಡಸಿನ ದನಿಯನ್ನು ಗಿಳಿಗಳ ಹಾಗೆ ಒಪ್ಪಿಸುತ್ತಿದ್ದಿರಿ. ಅದೊಂದೇ ಇಂಗ್ಲಿಷ್, ಉಳಿದದ್ದು ಕೆಟ್ಟದ್ದು ಎಂದು ನಂಬಿದ್ದಿರಿ. ಕೊನೆಯ ಪಾಠದಲ್ಲಿ ನಾನು ಅದನ್ನು ಒಡೆಯುತ್ತಿದ್ದೆ. ಇಂಗ್ಲೆಂಡು ಎಂಬುದು ದೋಣಿಗಳು ಬಂದು ಬಿಟ್ಟುಹೋದ ಮಾತುಗಳ ರಾಶಿ ಎನ್ನುತ್ತಿದ್ದೆ. ದಕ್ಷಿಣದ ದಡಕ್ಕೆ ಒಂದು ಪಂಗಡ, ಪೂರ್ವಕ್ಕೆ ಇನ್ನೊಂದು, ಸಾವಿರದ ನೂರು ವರ್ಷದ ಹಿಂದೆ ಉತ್ತರಕ್ಕೆ ಡೆನ್ಮಾರ್ಕು, ನಾರ್ವೆಯವರು. ಅದಕ್ಕೇ ಇಂದಿಗೂ ಉತ್ತರದ ಕುರುಬ ಹಳ್ಳಕ್ಕೆ ಬೆಕ್ ಅನ್ನುತ್ತಾನೆ. ಆಮೇಲೆ ಬಂದ ದೊರೆಗಳು ಫ್ರೆಂಚ್ ಮಾತಾಡಿಕೊಂಡಿದ್ದರು, ಮುನ್ನೂರು ವರ್ಷ ರೈತರ ಮಾತನ್ನು ಕೇಳುವವರೇ ಇರಲಿಲ್ಲ. ತಿದ್ದುವವರಿಲ್ಲದೆ ಒಂದೊಂದು ಕಣಿವೆಯೂ ತನ್ನ ಪಾಡಿಗೆ ತಾನು ಮಾತಾಡಿಕೊಂಡಿತು. ಇನ್ನೂರೈವತ್ತು ವರ್ಷದ ಹಿಂದೆ ಲಂಡನ್ನಿನವರು ಪದದ ಕೊನೆಯ ರಕಾರ ನುಂಗಲು ಶುರು ಮಾಡಿದರು. ಪಶ್ಚಿಮದ ರೈತರು ನುಂಗಲಿಲ್ಲ, ಅಷ್ಟಕ್ಕೇ ಅವರನ್ನು ಗಮಾರರೆಂದರು. ಪೇಟೆಯವರು ಮರೆತದ್ದನ್ನು ಹಳ್ಳಿಯವರು ಇಟ್ಟುಕೊಂಡಿದ್ದರು, ಅಷ್ಟೇ.

ನೋಡು, ಪಾಠ ಶುರುವಾಯಿತು. ಇದನ್ನೆಲ್ಲ ಕೇಳುವವರು ಸಿಕ್ಕಿ ಎಷ್ಟೋ ಕಾಲವಾಗಿತ್ತು. ಟೇಪು ಕಳಿಸು.

ಇಂದಿರಾ

*

ತ್ಸುಕುಬಾ
10 ನವೆಂಬರ್ 2024

ಮೇಡಂ,

ನಿಮ್ಮ ಪತ್ರ ಓದುವಾಗ ಕ್ಲಾಸಿನಲ್ಲೇ ಕೂತ ಹಾಗಾಯಿತು. ಇಲ್ಲಿ ಗಿಂಕೋ ಮರಗಳೆಲ್ಲ ಹಳದಿಯಾಗಿ ಸೈಕಲ್ ದಾರಿ ಮುಚ್ಚಿಹೋಗಿದೆ. ನನಗೆ ಮಾತ್ರ ನಿಮ್ಮ ಕ್ಲಾಸು ಮುಗಿಸಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಚುರುಮುರಿ ತಿಂದುಕೊಂಡು ಹೋಗುತ್ತಿದ್ದದ್ದೇ ಕಣ್ಣಿಗೆ ಕಟ್ಟುತ್ತಿದೆ. ಐದು ವರ್ಷದಲ್ಲಿ ಇಷ್ಟು ಊರ ನೆನಪು ಬಂದಿರಲಿಲ್ಲ.

ಪೆನ್‌ಡ್ರೈವಿನಲ್ಲಿ ಹನ್ನೆರಡು ಸುರುಳಿಗಳಿವೆ, ಕಾರ್ಡುಗಳ ಪ್ರತಿಯೂ ಇದೆ. ಪ್ರೊಫೆಸರರ ಪದ್ಧತಿ ನಿಮಗೆ ಗೊತ್ತಿರಬೇಕು, ಆ ಕಾಲದವರೆಲ್ಲ ಹಾಗೇ ಮಾಡುತ್ತಿದ್ದರಂತೆ. ಊರಿನಲ್ಲಿ ಎಲ್ಲರಿಗಿಂತ ವಯಸ್ಸಾದ, ಹೆಚ್ಚು ಓದದ, ಊರು ಬಿಟ್ಟು ಹೋಗದ ಗಂಡಸನ್ನು ಹುಡುಕುವುದು. ಅವನ ಬಾಯಲ್ಲಿ ಹಳೆಯ ಮಾತು ಕೆಡದೆ ಉಳಿದಿರುತ್ತದೆಂದು ನಂಬಿಕೆ. ಪ್ರತಿ ಸುರುಳಿಯ ಮೊದಲಿಗೆ ಪ್ರೊಫೆಸರರದೇ ದನಿ, ನಂಬರು ಮತ್ತು ಊರಿನ ಹೆಸರು ಹೇಳುತ್ತಾರೆ. ಆಮೇಲೆ ಅಜ್ಜಂದಿರು ಶುರು ಮಾಡುತ್ತಾರೆ.

ಕುರೋದಾ-ಸಾನ್ ಬಗ್ಗೆ ಒಂದು ಹೇಳಲೇಬೇಕು. ಸಭೆಯಲ್ಲಿ ಟಿವಿಯ ವಾರ್ತೆಯವರ ಹಾಗೆ ಜಪಾನಿ ಮಾತಾಡುವ ಮನುಷ್ಯ. ಮೊನ್ನೆ ಅವರಿಗೆ ತಾಯಿಯ ಫೋನು ಬಂತು. ಕಾರಿಡಾರಿನ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ, ನನಗೆ ಒಂದಕ್ಷರವೂ ತಿಳಿಯದ ಬೇರೆಯೇ ಜಪಾನಿಯಲ್ಲಿ ಮಾತಾಡಿದರು. ಉತ್ತರದ ಅಕಿತಾದ ಹಳ್ಳಿಯವರಂತೆ. ಹಿಂತಿರುಗಿ ಬಂದು ನನಗೆ ಸುಮಿಮಾಸೆನ್ ಅಂದರು. ಯಾತಕ್ಕೆ ಕ್ಷಮೆ ಕೇಳಿದರೋ ತಿಳಿಯಲಿಲ್ಲ. ನಗು ಬಂದರೂ ಪಾಪ ಅನ್ನಿಸಿತು.

ಡಿಸೆಂಬರ್ ರಜೆಗೆ ಹಿರೋಷಿಮಾಕ್ಕೆ ಬರಲಾ? ಒಟ್ಟಿಗೆ ಕೂತು ಕೇಳಬಹುದು.

ಯಾಮಿನಿ

*

ಹಿರೋಷಿಮಾ
2 ಡಿಸೆಂಬರ್ 2024

ಯಾಮಿನಿ,

ಹನ್ನೆರಡಕ್ಕೂ ಟಿಪ್ಪಣಿ ಇಟ್ಟಿದ್ದೇನೆ. ಇಪ್ಪತ್ತು ದಿನ ಬೆಳಗಿನ ಹೊತ್ತೆಲ್ಲ ಇದರಲ್ಲೇ ಕಳೆದೆ. ಮಗುವನ್ನು ಶಾಲೆಗೆ ಬಿಟ್ಟು ಬಂದು, ಬಾಲ್ಕನಿಯಲ್ಲಿ ಬಿಸಿಲು ಕಾಯಿಸುತ್ತಾ ಬರೆದೆ. ನನ್ನ ಆಯುಷ್ಯದಲ್ಲಿ ಇನ್ನೊಂದು ಸಲ ಇಂಥ ಸಂತೋಷ ಸಿಗುತ್ತದೆಂದು ಅಂದುಕೊಂಡಿರಲಿಲ್ಲ.

ಎಲ್ಲಕ್ಕಿಂತ ತೊಂಬತ್ತೊಂದನೆಯದು ನನಗೆ ಇಷ್ಟವಾಯಿತು. ಯಾರ್ಕ್‌ಷೈರಿನ ಮೇಲುಕಣಿವೆ, ಎಪ್ಪತ್ನಾಲ್ಕು ವರ್ಷದ ಕುರಿ ಸಾಕುವವ, ಥಾಮಸ್. ಕಣಿವೆ ಬಿಟ್ಟು ಒಂದು ದಿನವೂ ಹೊರಗೆ ಹೋಗಿಲ್ಲವೆಂದು ಕಾರ್ಡಿನಲ್ಲಿದೆ. ಈ ಅಜ್ಜನ ಗಂಟಲಿನಲ್ಲಿ ನಾರ್ವೆಯ ದೋಣಿ ಇನ್ನೂ ದಡಕ್ಕೆ ಕಟ್ಟಿಕೊಂಡೇ ಇದೆ. ಕಪ್ ಎನ್ನುವಲ್ಲಿ ದಕ್ಷಿಣದವರು ಮುನ್ನೂರು ವರ್ಷದ ಹಿಂದೆ ಬಿಟ್ಟ ಹಳೆಯ ಉಕಾರ, ಹಳ್ಳ, ಗುಡ್ಡ, ಮಗು ಎಲ್ಲಕ್ಕೂ ಸಮುದ್ರದಾಚೆಯ ಪದಗಳು. ಮೂರು ಪುಟ ಬರೆದಿದ್ದೇನೆ, ಒಂದು ಪುಟಕ್ಕೆ ಇಳಿಸುವ ಪಾಪ ನಿನ್ನದು.

ಡಿಸೆಂಬರಿಗೆ ಬರಬೇಡ. ಶರ್ವಾಣಿಗೆ ಜ್ವರ, ಮನೆಯಲ್ಲಿ ಎಲ್ಲರಿಗೂ ಹರಡುವ ಹಾಗಿದೆ. ವಸಂತದಲ್ಲಿ ನೋಡೋಣ. ಉಳಿದ ಟೇಪು ಕಳಿಸು.

ಇಂದಿರಾ

*

ತ್ಸುಕುಬಾ
18 ಜನವರಿ 2025

ಮೇಡಂ,

ಬುಧವಾರ ಇಲ್ಲಿ ಸಭೆ ಇತ್ತು. ಇಂಗ್ಲೆಂಡಿನಿಂದ ಉಪಭಾಷೆಗಳ ವಿದ್ವಾಂಸರೊಬ್ಬರು ಬಂದಿದ್ದರು. ಸಂಗ್ರಹದಿಂದ ಒಂದು ಸುರುಳಿ ಕೇಳಿಸೋಣವೆಂದು ಕುರೋದಾ-ಸಾನ್ ತೊಂಬತ್ತೊಂದನ್ನು ಆರಿಸಿದರು. ಅದರ ಟಿಪ್ಪಣಿ ಎಲ್ಲಕ್ಕಿಂತ ಚೆನ್ನಾಗಿದೆ ಎಂಬುದೇ ಕಾರಣ. ನಾನು ಎದ್ದು ನಿಂತು ನಿಮ್ಮ ಅಜ್ಜನ ಗಂಟಲು, ನಾರ್ವೆಯ ದೋಣಿ, ಎಲ್ಲವನ್ನೂ ಓದಿದೆ. ಆಮೇಲೆ ಟೇಪು ಹಾಕಿದೆ. ಪ್ರೊಫೆಸರರ ದನಿ ನಂಬರು, ಊರು ಹೇಳಿತು.

ಮಾತಾಡಿದ್ದು ಹೆಂಗಸು, ಮೇಡಂ.

ಗಂಡ ಎದೆನೋವಿನಿಂದ ಮಲಗಿದ್ದಾನೆ, ಅಷ್ಟು ದೂರದಿಂದ ಬಂದಿದ್ದೀರಿ, ನಾನೇ ಮಾತಾಡುತ್ತೇನೆ ಕೂತುಕೊಳ್ಳಿ ಅನ್ನುತ್ತಾಳೆ. ಹೆಸರು ಎಡಿತ್. ಹುಟ್ಟಿದ್ದು ಪಶ್ಚಿಮದ ಸಾಮರ್ಸೆಟ್, ಹತ್ತೊಂಬತ್ತಕ್ಕೆ ಹಾಲು ಕರೆಯುವ ಕೆಲಸಕ್ಕೆ ಉತ್ತರಕ್ಕೆ ಬಂದು ಮದುವೆಯಾದವಳು. ರಕಾರ ಒಂದನ್ನೂ ನುಂಗುವುದಿಲ್ಲ, ಸಕಾರವೆಲ್ಲ ಜೇನುಹುಳದ ಹಾಗೆ ಗುಂಯ್ ಅನ್ನುತ್ತದೆ. ನಾರ್ವೆಯೂ ಇಲ್ಲ, ದೋಣಿಯೂ ಇಲ್ಲ. ಪ್ರೊಫೆಸರರು ಮೊದಲೇ ಬರೆದಿಟ್ಟ ಗಂಡನ ಕಾರ್ಡನ್ನು ಹಾಗೇ ಅಂಟಿಸಿದ್ದಾರೆ.

ಯಾರೂ ನಗಲಿಲ್ಲ. ಇಲ್ಲಿ ನಗುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕಾಗದ ನೋಡುತ್ತಾ ಕೂತರು. ಸಾಯಂಕಾಲ ಕುರೋದಾ-ಸಾನ್ ಕರೆದು, ಉಳಿದ ಟಿಪ್ಪಣಿಗಳನ್ನು ನಂಬುವುದು ಹೇಗೆ ಎಂದು ಮೆಲ್ಲಗೆ ಕೇಳಿದರು.

ಒಂದೇ ಪ್ರಶ್ನೆ. ನೀವು ಆ ಟೇಪು ಕೇಳಿದಿರಾ?

ಯಾಮಿನಿ

*

ತ್ಸುಕುಬಾ
9 ಫೆಬ್ರವರಿ 2025

ಮೇಡಂ,

ಮೂರು ವಾರವಾಯಿತು, ಉತ್ತರವಿಲ್ಲ. ದಿನಾ ಪೋಸ್ಟ್ ಡಬ್ಬ ತೆರೆಯುತ್ತೇನೆ, ಪಿಜ್ಜಾ ಅಂಗಡಿಯ ಚೀಟಿ ಇರುತ್ತದೆ.

ಹೋದ ಪತ್ರದಲ್ಲಿ ಒಂದು ವಿಷಯ ಬರೆಯದೆ ಉಳಿಸಿಕೊಂಡೆ. ಸಿಟ್ಟಿನಲ್ಲಿ ಹಾಗೆ ಮಾಡಿದೆ. ನಾನೂ ಕೇಳಿರಲಿಲ್ಲ. ಇನ್ನೂರ ಹನ್ನೆರಡು ಸುರುಳಿಗಳಲ್ಲಿ ಮೊದಲ ಅರ್ಧ ನಿಮಿಷ, ಪ್ರೊಫೆಸರರ ದನಿ ಸ್ವಚ್ಛವಾಗಿ ಬಂದಿದೆಯೇ ಎಂದು ನೋಡಿ ಮುಂದಿನದಕ್ಕೆ ಹೋಗುತ್ತಿದ್ದೆ. ಕೇಳುವ ಕೆಲಸ ನಿಮ್ಮದಲ್ಲವೇ ಎಂಬ ಧೈರ್ಯ. ಕುರೋದಾ-ಸಾನ್‌ಗೆ ಇದನ್ನು ನಿನ್ನೆ ಹೇಳಿದೆ. ಅವರು, ತಾವೂ ಆ ಸುರುಳಿಯನ್ನು ಎಂದೂ ಕೇಳಿರಲಿಲ್ಲ, ಗುರುಗಳ ಕಾರ್ಡು ನೋಡಿದರೆ ಸಾಕೆನ್ನಿಸುತ್ತಿತ್ತು ಎಂದರು.

ನಿಮ್ಮ ಮೇಲಿನ ಸಿಟ್ಟು ಇಳಿದಿದೆ, ನೋವು ಇನ್ನೂ ಇದೆ. ನೀವು ನಮ್ಮನ್ನು ಒಂದು ಸ್ವರಕ್ಕಾಗಿ ಗಂಟೆಗಟ್ಟಲೆ ನಿಲ್ಲಿಸಿದವರು. ಹೀಗೇಕೆ ಮಾಡಿದಿರಿ?

ಯಾಮಿನಿ

*

ಹಿರೋಷಿಮಾ
20 ಫೆಬ್ರವರಿ 2025

ಯಾಮಿನಿ,

ನನಗೆ ಕಿವಿ ಕೇಳುವುದಿಲ್ಲ.

ಈ ವಾಕ್ಯ ಬರೆಯಲು ಒಂದು ತಿಂಗಳು ಬೇಕಾಯಿತು. ನಿವೃತ್ತಿಯಾಗಿ ನಾಲ್ಕು ವರ್ಷಕ್ಕೆ ಶುರುವಾಯಿತು. ಮೊದಲು ಹೋದದ್ದು ಸಕಾರ, ಫಕಾರ, ಬೆಳಗಿನ ಗುಬ್ಬಚ್ಚಿ. ಆಮೇಲೆ ಫೋನು. ಆಮೇಲೆ ಮನುಷ್ಯರು. ಕಿವಿಯ ಮೆಷಿನ್ನು ಹಾಕಿದರೆ ತಗಡಿನ ಮೇಲೆ ಕಲ್ಲು ಸುರಿದ ಸದ್ದು, ಮಾತಿಲ್ಲ. ಎರಡು ವರ್ಷದಿಂದ ಅದೂ ಇಲ್ಲ. ಅಪೂರ್ವ ಎದುರು ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತದೆ. ಉಳಿದದ್ದನ್ನು ಚೀಟಿಯಲ್ಲಿ ಬರೆಯುತ್ತಾಳೆ. ಮಗು ನನ್ನ ಹತ್ತಿರ ಬಡಬಡನೆ ಏನೋ ಹೇಳುತ್ತದೆ. ಜಪಾನಿಯೋ ಇಂಗ್ಲಿಷೋ ನನಗೆ ತಿಳಿಯದು, ನಾನು ತಲೆಯಾಡಿಸುತ್ತೇನೆ.

ನಿನ್ನ ಮೊದಲ ಪತ್ರದಲ್ಲಿ ನನಗೆ ಗೊತ್ತಿರುವ ಕಿವಿ ಒಂದೇ ಎಂದು ಬರೆದಿದ್ದೆ. ಅದನ್ನು ಓದಿ ಎಷ್ಟು ಹಿಗ್ಗಿದೆನೆಂದರೆ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಪೆನ್‌ಡ್ರೈವು ಬಂದ ದಿನ ಹೆಡ್‌ಫೋನು ಹಾಕಿಕೊಂಡು ಸದ್ದು ಪೂರ್ತಿ ಏರಿಸಿದೆ. ಪಕ್ಕದ ಕೋಣೆಯಿಂದ ಅಪೂರ್ವ ಓಡಿ ಬಂದಳು, ಅಷ್ಟು ದೂರಕ್ಕೆ ಕೇಳುತ್ತಿತ್ತಂತೆ. ನನಗೆ ಏನೂ ಇಲ್ಲ. ಆಗ ಕಾರ್ಡುಗಳನ್ನು ಮುಂದಿಟ್ಟುಕೊಂಡೆ. ಊರಿನ ಹೆಸರು ಓದಿದರೆ ಸಾಕು, ಅಲ್ಲಿಗೆ ಯಾವ ದೋಣಿ ಬಂತು, ಯಾವ ಸ್ವರ ಉಳಿಯಿತು ಎಂಬುದೆಲ್ಲ ತಲೆಯಲ್ಲಿದೆಯಲ್ಲ. ಸತ್ಯವಾಗಿ ಹೇಳುತ್ತೇನೆ, ಓದುತ್ತಾ ಓದುತ್ತಾ ನನಗೆ ಆ ಅಜ್ಜನ ದನಿ ಕೇಳಿಸಿತು. ಎರಡು ವರ್ಷದ ಮೇಲೆ ಮೊದಲ ಸಲ ಏನೋ ಕೇಳಿಸಿತೆಂದು ಅತ್ತುಬಿಟ್ಟೆ.

ಇತಿಹಾಸ ಗೊತ್ತಿದೆಯೆಂದು ಮನುಷ್ಯರ ಬಾಯಿ ಗೊತ್ತಿದೆ ಎಂದುಕೊಂಡೆ. ಎಡಿತ್ ಎಂಬವಳು ಐವತ್ತು ವರ್ಷ ಆ ಕಣಿವೆಯಲ್ಲಿ ಬಾಳಿದವಳು, ಅವಳನ್ನು ಅಳಿಸಿ ಗಂಡನ ಕೈಲಿ ಮಾತಾಡಿಸಿದೆ. ನಿನ್ನ ಕೆಲಸಕ್ಕೂ ಸಂಚಕಾರ ತಂದೆ.

ತಪ್ಪು ನನ್ನದೆಂದು ಕುರೋದಾ-ಸಾನ್‌ಗೆ ಇಂಗ್ಲಿಷಿನಲ್ಲಿ ಬರೆದ ಪತ್ರ ಇದರ ಜೊತೆಯಲ್ಲಿದೆ. ಕೊಡು. ಕಿವಿಯ ವಿಷಯವನ್ನೂ ಬರೆದಿದ್ದೇನೆ. ನನ್ನ ಹನ್ನೆರಡು ಟಿಪ್ಪಣಿಗಳನ್ನೂ ಹರಿದು ಹಾಕು.

ಇಂದಿರಾ

*

ತ್ಸುಕುಬಾ
16 ಮಾರ್ಚ್ 2025

ಪ್ರೀತಿಯ ಮೇಡಂ,

ನಿಮ್ಮ ಪತ್ರವನ್ನು ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿಕೊಂಡು ಓದಿದೆ. ಮನೆಗೆ ಹೋಗುವವರೆಗೂ ತಡೆಯಲಾಗಲಿಲ್ಲ. ಅಲ್ಲೇ ಅಳು ಬಂತು, ಅಂಗಡಿಯ ಹುಡುಗಿ ಹೊರಗೆ ಬಂದು ಟಿಶ್ಯೂ ಕೊಟ್ಟಳು. ಫೋನು ಬೇಡ ಎಂದಾಗ ಗತ್ತು ಅಂದುಕೊಂಡೆ, ಬರಬೇಡ ಎಂದಾಗ ನನ್ನ ಮೇಲೆ ಮನಸ್ಸಿಲ್ಲವೆಂದುಕೊಂಡೆ. ಕ್ಷಮಿಸಿ.

ಕುರೋದಾ-ಸಾನ್ ನಿಮ್ಮ ಪತ್ರವನ್ನು ಎರಡು ಕೈಯಲ್ಲಿ ಹಿಡಿದು ಓದಿದರು. ಸೆಪ್ಟೆಂಬರ್‌ವರೆಗೆ ನನಗೆ ಸಮಯ ಕೊಟ್ಟಿದ್ದಾರೆ, ಎಲ್ಲ ಸುರುಳಿಗಳನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಬೇಕೆಂಬ ಷರತ್ತಿನ ಮೇಲೆ. ಈಗ ಇಬ್ಬರೂ ಒಟ್ಟಿಗೆ ಕೇಳುತ್ತಿದ್ದೇವೆ. ಇದುವರೆಗೆ ಇಂಥ ಹೆಂಗಸರು ಇನ್ನೂ ಮೂವರು ಸಿಕ್ಕಿದ್ದಾರೆ. ಒಬ್ಬಳು ಒಲೆಯ ಹತ್ತಿರದಿಂದ ಗಂಡನನ್ನು ತಿದ್ದುತ್ತಾಳೆ, ಪ್ರೊಫೆಸರರು ಅವಳಿಗೆ ಸುಮ್ಮನಿರಲು ಹೇಳುತ್ತಾರೆ. ತೊಂಬತ್ತೊಂದರ ಕಾರ್ಡು ಹೊಸದಾಗಿ ಬರೆದೆ, ಎಡಿತ್ ಹೆಸರಿನಲ್ಲಿ. ನಿಮ್ಮ ಉಳಿದ ಹನ್ನೊಂದು ಟಿಪ್ಪಣಿಗಳಲ್ಲಿ ಒಂಬತ್ತು ಕೇಳಿ ನೋಡಿದರೂ ಸರಿಯಾಗಿವೆ, ಹರಿದು ಹಾಕುವುದಿಲ್ಲ.

ನನ್ನದೊಂದು ಆಸೆ. ಏಪ್ರಿಲ್‌ನಲ್ಲಿ ರೆಕಾರ್ಡರು ಹಿಡಿದುಕೊಂಡು ಬರುತ್ತೇನೆ. ನಿಮ್ಮ ದನಿ ನನಗೆ ಬೇಕು. ಇದರ ಜೊತೆ ಒಂದು ಖಾಲಿ ಕಾರ್ಡು ಇಟ್ಟಿದ್ದೇನೆ, ತುಂಬಿಡಿ.

ಯಾಮಿನಿ

*

ಹಿರೋಷಿಮಾ
30 ಮಾರ್ಚ್ 2025

ಯಾಮಿನಿ,

ಬಾ. ಪತ್ರ ಓದಿ ಮೂರು ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೇನೆ. ಕೇಳದಿದ್ದರೇನು, ನಾಲಿಗೆ ಎಲ್ಲಿ ತಾಗಬೇಕೆಂದು ನಾಲಿಗೆಗೆ ಗೊತ್ತು. ನಲವತ್ತು ವರ್ಷ ತಿದ್ದಿ ತೀಡಿದ ದನಿ ಅದು. ನಮ್ಮ ಪ್ರಿನ್ಸಿಪಾಲರು ಗೋಡೆಯಾಚೆ ಕೇಳಿದರೆ ಬಿಬಿಸಿ ಅಂದುಕೊಳ್ಳಬೇಕು ಎನ್ನುತ್ತಿದ್ದರು. ನನ್ನ ಹತ್ತಿರ ಉಳಿದಿರುವ ಆಸ್ತಿ ಅದೊಂದೇ. ಕಿವುಡರ ಮಾತು ಕಾಲ ಕಳೆದಂತೆ ಕೆಡುತ್ತದಂತೆ, ಅದಕ್ಕೆ ಮುಂಚೆ ತುಂಬಿಟ್ಟುಕೋ. ಇಂಗ್ಲಿಷಿನಲ್ಲಿ ಒಂದು ಪಾಠ ಓದುತ್ತೇನೆ, ಕನ್ನಡದಲ್ಲಿ ಹತ್ತು ನಿಮಿಷ ಮಾತಾಡುತ್ತೇನೆ.

ನೀನು ಕಳಿಸಿದ ಕಾರ್ಡು ತುಂಬಿದ್ದೇನೆ. ಹೆಸರು ಇಂದಿರಾ, ವಯಸ್ಸು ಅರವತ್ತೊಂಬತ್ತು, ಕಸುಬು ಅಧ್ಯಾಪಕಿ. ಹುಟ್ಟಿದ ಊರು ಮೈಸೂರು.

ಶರ್ವಾಣಿಗೆ ಸ್ಟ್ರಾಬೆರಿ ತಾ, ನನಗೇನೂ ಬೇಡ.

ಇಂದಿರಾ

*

ತ್ಸುಕುಬಾ
27 ಏಪ್ರಿಲ್ 2025

ಪ್ರೀತಿಯ ಮೇಡಂ,

ಬಂದು ಹೋಗಿ ಎಂಟು ದಿನವಾಯಿತು. ಟ್ರಾಮಿನ ನಿಲ್ದಾಣದವರೆಗೆ ನೀವು ಬಂದು ಕೈ ಹಿಡಿದುಕೊಂಡದ್ದು, ಬಿಸಿಬೇಳೆಬಾತು, ಎಲ್ಲ ನೆನಪಿಗೆ ಬರುತ್ತಿದೆ. ಹೊರಡುವಾಗ ನೀವು, ದನಿ ಹೇಗೆ ಬಂದಿದೆ ಎಂದು ಕೇಳಿದಿರಿ. ಚೆನ್ನಾಗಿದೆ ಎಂದು ಹೆಬ್ಬೆರಳು ತೋರಿಸಿ ಓಡಿ ಟ್ರಾಮು ಹತ್ತಿದೆ.

ಅಪೂರ್ವ ನನ್ನನ್ನು ಅಡುಗೆಮನೆಗೆ ಕರೆದು ಒಂದು ಮಾತು ತೆಗೆದುಕೊಂಡಿದ್ದರು. "ಪ್ಲೀಸ್, ಅಮ್ಮಂಗೆ ಹೇಳ್ಬೇಡಿ. ಅಷ್ಟ್ ಕಷ್ಟಪಟ್ಟು ಬಿಟ್ಟಿದ್ದು ಅದನ್ನ. ವಾಪಸ್ ಬಂದಿದೆ ಅಂತ ಗೊತ್ತಾದ್ರೆ ಇನ್ಮೇಲೆ ಬಾಯೇ ತೆಗೆಯಲ್ಲ" ಅಂದರು. ನಾನು ಒಪ್ಪಿದೆ. ಎಂಟು ದಿನ ಈ ರೆಕಾರ್ಡಿಂಗಿಗೆ ಟಿಪ್ಪಣಿ ಬರೆಯಲು ಕೂತು ಎದ್ದೆ. ಮೈಸೂರಿನ ಅಧ್ಯಾಪಕಿ, ಅಚ್ಚುಕಟ್ಟಾದ ಉಚ್ಚಾರಣೆ ಎಂದು ಕಾರ್ಡು ನೋಡಿ ಬರೆದುಬಿಡಬಹುದಿತ್ತು. ಆದರೆ ಕೇಳದೆ ಬರೆದದ್ದರ ಫಲ ನಾವಿಬ್ಬರೂ ಉಂಡಿದ್ದೇವೆ. ನಿಮ್ಮ ಹತ್ತಿರ ನಾನಿನ್ನು ಏನನ್ನೂ ಮುಚ್ಚಿಡಲಾರೆ. ಅಪೂರ್ವ ಅವರಿಗೆ ಮೊದಲೇ ಹೇಳಿ, ಬೈಸಿಕೊಂಡು, ಈ ಪತ್ರ ಬರೆಯುತ್ತಿದ್ದೇನೆ.

ಟೇಪಿನಲ್ಲಿ ಬಿಬಿಸಿ ಇಲ್ಲ, ಮೇಡಂ. ಇಂಗ್ಲಿಷ್ ಪಾಠದ ಮೊದಲ ನಾಲ್ಕು ಸಾಲು ಇದೆ, ಆಮೇಲೆ ಜಾರಿಹೋಗುತ್ತದೆ. ಕನ್ನಡಕ್ಕೆ ಬಂದ ಮೇಲಂತೂ ಮೈಸೂರಿನ ಸುಳಿವೇ ಇಲ್ಲ. ಮನೆಗೆ ಎನ್ನುವಲ್ಲಿ ಮನಗ ಅನ್ನುತ್ತೀರಿ. ಮಳೆ ಮಳ ಆಗಿದೆ. ವಾಕ್ಯದ ಕೊನೆಯನ್ನು ಮೇಲಕ್ಕೆ ಎತ್ತಿ ಎಳೆದು ಬಿಡುತ್ತೀರಿ. ಅದು ಚಾಮರಾಜನಗರದ ಕಡೆಯ ಮಾತು. ತಿದ್ದಲು ಕಿವಿ ಇಲ್ಲದೆ ಹೋದ ಮೇಲೆ, ನೀವು ಕಲಿತು ಹೊದ್ದುಕೊಂಡದ್ದೆಲ್ಲ ಸರಿದು, ಮೊದಲು ಕಲಿತದ್ದು ಮೇಲೆ ಬಂದಿದೆ ಎಂದು ನನಗೆ ತೋರುತ್ತದೆ. ನಿಮಗೆ ಅದು ಗೊತ್ತಿಲ್ಲ. ಎರಡು ವರ್ಷದಿಂದ ನೀವು ಆ ಮನೆಯಲ್ಲಿ ಹೀಗೇ ಮಾತಾಡುತ್ತಿದ್ದೀರಂತೆ.

ಇನ್ನೂ ಒಂದಿದೆ. ಹದಿನಾಲ್ಕನೇ ನಿಮಿಷದಲ್ಲಿ ನೀವು ಮಾತಾಡುತ್ತಿರುವಾಗ ಶರ್ವಾಣಿ ಪಕ್ಕದ ಕೋಣೆಯ ಕಿಟಕಿಯಿಂದ ಕೂಗುತ್ತಾಳೆ. "ಅಜ್ಜೀ, ಮಳ ಬತ್ತಾದ, ಬಟ್ಟ ತಕ್ಕೋ." ನೀವು ತಿರುಗಲಿಲ್ಲ. ನಾನು ತಿರುಗಿದೆ. ಮಗು ನಿಮ್ಮ ಹತ್ತಿರ ಬಡಬಡಿಸುವುದು ಜಪಾನಿಯಲ್ಲ, ಇಂಗ್ಲಿಷೂ ಅಲ್ಲ. ಅಪ್ಪ ಅಮ್ಮನ ಹತ್ತಿರ ಬೇರೆ ಮಾತು, ಶಾಲೆಯಲ್ಲಿ ಬೇರೆ, ನಿಮ್ಮ ಹತ್ತಿರ ಮಾತ್ರ ಇದು.

ಕಾರ್ಡಿನಲ್ಲಿ ಹುಟ್ಟಿದ ಊರು ಮೈಸೂರು ಎಂದಿದೆ. ಹಾಗೇ ಇರಲಿ ಎಂದರೆ ಹಾಗೇ ಬಿಡುತ್ತೇನೆ. ನಿಮಗೆ ನೋವಾಗಿದ್ದರೆ ಕ್ಷಮಿಸಿ.

ಯಾಮಿನಿ

*

ಹಿರೋಷಿಮಾ
11 ಮೇ 2025

ಯಾಮಿನಿ,

ನೋವಾಯಿತು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅಪೂರ್ವ ನಿನ್ನನ್ನು ಇನ್ನೂ ಚೆನ್ನಾಗಿ ಬೈದಿರಬೇಕಿತ್ತು ಅನ್ನಿಸಿತು.

ಆಮೇಲೆ ಹೇಳಿಬಿಡೋಣವೆನ್ನಿಸಿತು. ಯಾರಿಗೂ ಹೇಳಿದ್ದಲ್ಲ, ಅಪೂರ್ವಳ ಅಪ್ಪನಿಗೂ ಅರ್ಧ ಮಾತ್ರ ಗೊತ್ತಿತ್ತು, ಅವಳಿಗೆ ತಿಳಿದದ್ದು ಅವರಿಂದಲೇ ಇರಬೇಕು. ಎಪ್ಪತ್ತಮೂರರಲ್ಲಿ ಮೈಸೂರಿನ ಹಾಸ್ಟೆಲಿಗೆ ಬಂದೆ. ಮೊದಲ ದಿನ ಊಟದ ಸಾಲಿನಲ್ಲಿ ಬಾಯಿ ತೆಗೆದೆ, ಸಾಲೆಲ್ಲ ನಕ್ಕಿತು. ಆರು ತಿಂಗಳು ಬಾಯಿ ಮುಚ್ಚಿಕೊಂಡು ಅವರ ಮಾತು ಕಲಿತೆ. ಅಷ್ಟು ಚೆನ್ನಾಗಿ ಕಲಿತೆ, ಅದೇ ನನ್ನ ಕಸುಬಾಯಿತು. ಮರುವರ್ಷ ನನ್ನವ್ವ ಬಸ್ಸು ಹತ್ತಿ ಕಾಲೇಜಿಗೆ ಬಂದಳು. ಸೆರಗಿನಲ್ಲಿ ಹುರಿದ ಅವರೆಕಾಳು ಕಟ್ಟಿಕೊಂಡಿದ್ದಳು. ಮೆಟ್ಟಿಲ ಹತ್ತಿರ ನಿಂತು ದೊಡ್ಡ ದನಿಯಲ್ಲಿ ನನ್ನ ಹೆಸರು ಹಿಡಿದು ಕೂಗಿದಳು. ಗೆಳತಿಯರು ತಿರುಗಿ ನೋಡುವುದರೊಳಗೆ ಅವಳ ಕೈ ಹಿಡಿದು ಗೇಟಿನ ಹೊರಗೆ ಎಳೆದುಕೊಂಡು ಹೋದೆ. ಯಾರು ಎಂದು ಅವರು ಕೇಳಿದಾಗ ನಮ್ಮ ಮನೆಯ ಕೆಲಸದವಳು ಅಂದೆ. ಅವ್ವನಿಗೆ ಅದು ಕೇಳಿಸಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಆಮೇಲೆ ಅವಳು ಕಾಲೇಜಿನ ಹತ್ತಿರ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಕೂತು ಹೇಳಿಕಳಿಸುತ್ತಿದ್ದಳು.

ನಿನ್ನ ಕುರೋದಾ-ಸಾನ್ ಗೋಡೆಗೆ ಮುಖ ಮಾಡಿ ತಾಯಿಯ ಹತ್ತಿರ ಮಾತಾಡಿದ್ದನ್ನು ನಗುತ್ತಾ ಬರೆದಿದ್ದೆ. ನಾನು ಆ ಪತ್ರ ಓದಿ ಅನ್ನ ಬಿಟ್ಟೆ. ಅವರು ಫೋನಾದರೂ ಎತ್ತುತ್ತಾರೆ.

ಕಿವಿ ಹೋದ ಮೇಲೆ ಹಳೆಯ ದನಿಗಳನ್ನೆಲ್ಲ ಒಂದೊಂದಾಗಿ ತಲೆಯಲ್ಲಿ ಕರೆದು ನೋಡುತ್ತಿದ್ದೆ. ಲ್ಯಾಬಿನ ಆ ಲಂಡನ್ ಗಂಡಸು ಬರುತ್ತಿದ್ದ, ನೀವೆಲ್ಲ ಬರುತ್ತಿದ್ದಿರಿ. ಅವ್ವ ಮಾತ್ರ ಎಷ್ಟು ಕರೆದರೂ ಬರುತ್ತಿರಲಿಲ್ಲ. ಅವಳ ಮುಖ ನೆನಪಿದೆ, ದನಿ ಇಲ್ಲ. ನಾನೇ ಗೇಟಿನಾಚೆ ಬಿಟ್ಟುಬಂದೆನಲ್ಲ, ಯಾಕೆ ಬರುತ್ತಾಳೆ ಅಂದುಕೊಂಡಿದ್ದೆ.

ನಿನ್ನೆ ಸಂಜೆ ಶರ್ವಾಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನಾದರೂ ಹೇಳು ಪುಟ್ಟಾ ಅಂದೆ. ಅವಳ ಗಂಟಲ ಮೇಲೆ ಎರಡು ಬೆರಳಿಟ್ಟೆ. ಮಗು ಬಹಳ ಹೊತ್ತು ಮಾತಾಡಿತು. ವಾಕ್ಯದ ಕೊನೆಯಲ್ಲಿ ಪ್ರತಿ ಸಲವೂ ಗಂಟಲು ಮೇಲಕ್ಕೆ ಏರಿ, ಎಳೆದು, ನಿಂತಿತು. ಅವ್ವ ಮೆಟ್ಟಿಲ ಹತ್ತಿರ ನಿಂತು ಕೂಗಿದ್ದು ಹೀಗೇ. ನನಗೆ ನೆನಪಾಯಿತು ಯಾಮಿನಿ, ಪೂರ್ತಿ ನೆನಪಾಯಿತು. ಅಪೂರ್ವ ಆಫೀಸಿನಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ದೊಡ್ಡದಾಗಿ ಅಳುತ್ತಿದ್ದೆನಂತೆ.

ಕಾರ್ಡು ತಿದ್ದು. ಮೈಸೂರು ಹೊಡೆದು ಹಾಕು. ಹುಟ್ಟಿದ ಊರು ಗುಬ್ಬಿಕಲ್ಲು ಮೋಳೆ, ಯಳಂದೂರು ತಾಲ್ಲೂಕು. ತಾಯಿಯ ಹೆಸರಿಗೆ ಜಾಗವಿಲ್ಲದಿದ್ದರೆ ಮಾಡಿಕೊಂಡು ಬರೆ, ದೊಡ್ಡತಾಯಮ್ಮ.

ಹದಿನಾಲ್ಕನೇ ನಿಮಿಷದ್ದಕ್ಕೆ ಬೇರೆ ಕಾರ್ಡು ಬೇಕಾಗುತ್ತದೆ. ಬರೆದುಕೋ. ಹೆಸರು ಶರ್ವಾಣಿ, ವಯಸ್ಸು ನಾಲ್ಕು. ಹುಟ್ಟಿದ್ದು ಹಿರೋಷಿಮಾ. ಮಾತು, ಗುಬ್ಬಿಕಲ್ಲು ಮೋಳೆ.

ಇಂದಿರಾ